ಕೈಯಲ್ಲೊಂದು ಚೀಲವಿರಲಿ

ಹೊರನಾಡಿನಲ್ಲಿ ಬಂದು ನೆಲೆಸಿದ ನಾವು ಕನ್ನಡಿಗರು ಒಂದೇ ವಸ್ತುವನ್ನು ನಾಲ್ಕು ಹೆಸರುಗಳಿಂದ ಕರೆಯುವುದುಂಟು. ಸಂಘದ ಸಭೆ ಮುಗಿದ ಮೇಲೆ ಉಳಿದ ಉಪಾಹಾರವನ್ನು ಕಟ್ಟಿಕೊಳ್ಳಲು ದಕ್ಷಿಣ ಕನ್ನಡದವರು ‘ಒಂದು ತೊಟ್ಟೆ ಉಂಟೋ?’ ಎಂದು ಕೇಳುತ್ತಾರೆ. ಮೈಸೂರು ಕಡೆಯವರು ‘ಒಂದು ಕವರ್ ಕೊಡಿ’ ಎನ್ನುತ್ತಾರೆ. ಧಾರವಾಡ, ಬೆಳಗಾವಿಯ ಕಡೆಯವರಿಗೆ ಅದು ‘ಕ್ಯಾರಿಬ್ಯಾಗ್’. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಂತೂ ಅದು ‘ಪಿಶವಿ’. ಹೆಸರು ನಾಲ್ಕಾದರೂ ಕೈಗೆ ಬರುವುದು ಮಾತ್ರ ಅದೇ ತೆಳ್ಳನೆಯ ಪ್ಲಾಸ್ಟಿಕ್ ಚೀಲ. ಕನ್ನಡಿಗರನ್ನೆಲ್ಲ ಒಂದುಗೂಡಿಸಲು ಹಿರಿಯರು ಎಷ್ಟೋ ವರ್ಷ ಹೆಣಗಿದರು. ಈ ಚೀಲವು ಯಾವ ಚಳವಳಿಯೂ ಇಲ್ಲದೆ ನಮ್ಮನ್ನು ಒಂದು ಮಾಡಿಬಿಟ್ಟಿದೆ! ಆದರೆ ಇದು ಹೆಮ್ಮೆಪಡತಕ್ಕ ಏಕೀಕರಣವಲ್ಲ ಎಂದು ಹೇಳದೆ ವಿಧಿಯಿಲ್ಲ.

ಪ್ಲಾಸ್ಟಿಕ್ ಚೀಲ ಕೆಟ್ಟದ್ದು ಎಂಬ ಉಪದೇಶ ವಾಚಕರಿಗೆ ಹೊಸದಲ್ಲ. ಶಾಲೆಯ ಮಕ್ಕಳು ಆ ವಿಷಯದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆಯುತ್ತಾರೆ; ಬಹುಮಾನದ ಪುಸ್ತಕ ಮನೆಗೆ ಬರುವುದು ಪ್ಲಾಸ್ಟಿಕ್ ಚೀಲದಲ್ಲಿಯೇ. ಆದುದರಿಂದ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಈ ಚೀಲ ಎಲ್ಲಿಂದ ಬಂತು, ಏನು ಕೇಡು ಮಾಡುತ್ತದೆ, ಕಾನೂನು ಏನು ಹೇಳುತ್ತದೆ, ಇದರ ಬದಲು ನಾವು ಸಂಸಾರವಂದಿಗರು ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಚೀಲವಿದ್ದ ಕಾಲ

ನಮ್ಮ ಊರುಗಳಲ್ಲಿ ಪೇಟೆಗೆ ಹೋಗುವವರು ಕೈಯಲ್ಲಿ ಚೀಲ ಹಿಡಿಯದೆ ಹೊಸಿಲು ದಾಟುತ್ತಿರಲಿಲ್ಲ. ಎಣ್ಣೆಗೆ ಬಾಟಲಿ, ಹಾಲಿಗೆ ತಂಬಿಗೆ, ಅಕ್ಕಿಗೆ ಗೋಣಿಚೀಲ, ಕಾಯಿಪಲ್ಯಕ್ಕೆ ಕೈಚೀಲ ಎಂದು ಒಂದೊಂದಕ್ಕೂ ಒಂದೊಂದು ನೇಮವಿತ್ತು. ಅಂಗಡಿಯವನು ಬೇಳೆ, ಸಕ್ಕರೆಗಳನ್ನು ಹಳೆಯ ಕಾಗದದ ಪೊಟ್ಟಣದಲ್ಲಿ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದನು. ಆ ದಾರವನ್ನೂ ಬಿಸಾಡದೆ ಉಂಡೆ ಸುತ್ತಿಡುವ ಅಜ್ಜಿಯೊಬ್ಬಳು ಪ್ರತಿಯೊಂದು ಮನೆಯಲ್ಲಿಯೂ ಇರುತ್ತಿದ್ದಳು. ಕರಾವಳಿಯಲ್ಲಿ ಮೀನನ್ನೂ ಬೆಲ್ಲವನ್ನೂ ಉಪ್ಪಳಿಗೆ ಎಲೆಯಲ್ಲಿಯೋ ಸಾಗುವಾನಿ ಎಲೆಯಲ್ಲಿಯೋ ಕಟ್ಟುತ್ತಿದ್ದರು. ಬಯಲುಸೀಮೆಯಲ್ಲಿ ಬೆಣ್ಣೆಗೂ ಹೂವಿಗೂ ಮುತ್ತುಗದ ಎಲೆ. ಉಡುಪಿಯ ಮಲ್ಲಿಗೆಯ ಅಟ್ಟೆಯನ್ನು ಬಾಳೆಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿಯುವ ಪದ್ಧತಿ ಇನ್ನೂ ಅಳಿದಿಲ್ಲ. ಎಲೆ ತನ್ನ ಕೆಲಸ ಮುಗಿಸಿ ತಿಪ್ಪೆಗೆ ಬಿದ್ದರೆ ನಾಲ್ಕು ಮಳೆಯಲ್ಲಿ ಗೊಬ್ಬರವಾಗುತ್ತಿತ್ತು.

ಇನ್ನು ಮದುವೆಯ ತಾಂಬೂಲದ ಚೀಲ. ವಧೂವರರ ಹೆಸರು, ಮದುವೆಯ ತಾರೀಖು, ಊರು ಇವನ್ನೆಲ್ಲ ಅಚ್ಚೊತ್ತಿದ ಬಟ್ಟೆಯ ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಕೆ ಇಟ್ಟು ಬಂದವರಿಗೆಲ್ಲ ಕೊಡುತ್ತಿದ್ದರು. ತೆಂಗಿನಕಾಯಿ ಮರುದಿನವೇ ಚಟ್ನಿಯಾಗುತ್ತಿತ್ತು. ಚೀಲ ಮಾತ್ರ ವರ್ಷಗಟ್ಟಲೆ ಪೇಟೆ ಸುತ್ತುತ್ತಿತ್ತು. ಅದು ಹರಿಯುವ ಹೊತ್ತಿಗೆ ಆ ದಂಪತಿಗಳ ಮಕ್ಕಳು ಹೈಸ್ಕೂಲು ಸೇರಿರುತ್ತಿದ್ದರು. ‘ಯಾರ ಮದುವೆಯ ಚೀಲವಮ್ಮ ಇದು?’ ಎಂಬ ಪ್ರಶ್ನೆಯಿಂದ ಎಷ್ಟು ಮಂದಿ ನೆಂಟರ ಸುದ್ದಿ ಹೊರಬೀಳುತ್ತಿತ್ತು ಎಂಬುದನ್ನು ಹಿರಿಯರೇ ಹೇಳಬೇಕು.

ಇಲ್ಲಿ ಒಂದು ಮಾತು. ಪರವೂರಿಗೆ ಬಂದ ಮೇಲೆ ನಮ್ಮ ತಾಯಂದಿರು ಬಣ್ಣ ಬಣ್ಣದ ವಯರ್ ಬುಟ್ಟಿ ಹೆಣೆಯುವುದನ್ನು ಕಲಿತರು. ಆ ವಯರು ಪ್ಲಾಸ್ಟಿಕ್ಕಿನದೇ. ಆದರೂ ಹತ್ತು ಹದಿನೈದು ವರ್ಷ ಬಾಳಿದ ಬುಟ್ಟಿಗಳನ್ನು ಬೇಕಾದಷ್ಟು ಮನೆಗಳಲ್ಲಿ ಕಾಣಬಹುದು. ಹಾಗೆ ನೋಡಿದರೆ ತಪ್ಪೆಲ್ಲ ಪ್ಲಾಸ್ಟಿಕ್ಕಿನದಲ್ಲ. ಹತ್ತು ನಿಮಿಷದ ಕೆಲಸಕ್ಕೆ ನೂರಾರು ವರ್ಷ ಉಳಿಯಬಹುದಾದ ವಸ್ತುವನ್ನು ಉಪಯೋಗಿಸಿ ಬಿಸಾಡುವ ಅಭ್ಯಾಸದ್ದು.

ತೆಳು ಚೀಲದ ಜನ್ಮವೃತ್ತಾಂತ

ಪಾಲಿಥೀನ್ ಎಂಬ ವಸ್ತು ಹುಟ್ಟಿದ್ದು ೧೯೩೩ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿನ ರಾಸಾಯನಿಕ ಕಾರಖಾನೆಯ ಪ್ರಯೋಗಶಾಲೆಯಲ್ಲಿ. ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬವರು ಎಥಿಲೀನ್ ಅನಿಲವನ್ನು ಮಹಾ ಒತ್ತಡದಲ್ಲಿಟ್ಟು ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ ಪಾತ್ರೆಯಲ್ಲಿ ಮೇಣದಂತಹ ಬಿಳಿಯ ಪದಾರ್ಥವೊಂದು ಕಾಣಿಸಿಕೊಂಡಿತು. ಬಯಸದೆ ಬಂದ ಭಾಗ್ಯವೆಂದರೆ ಇದೇ ಇರಬೇಕು. ಕೈಹಿಡಿಗಳೊಂದಿಗೆ ಒಂದೇ ಹಾಳೆಯಿಂದ ಮಾಡುವ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಎಂಬ ಇಂಜಿನಿಯರು. ಅದಕ್ಕೆ ೧೯೬೫ರಲ್ಲಿ ಅಮೆರಿಕದ ಪೇಟೆಂಟು ದೊರಕಿತು.

ಸ್ವಾರಸ್ಯದ ಸಂಗತಿಯೆಂದರೆ, ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ ಎಂಬ ಆಶಯ ತುಲಿನ್ನರಿಗಿತ್ತೆಂದೂ, ಅವರು ಒಂದು ಚೀಲವನ್ನು ಮಡಿಸಿ ಯಾವಾಗಲೂ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಉಪಯೋಗಿಸುತ್ತಿದ್ದರೆಂದೂ ಅವರ ಮಗ ಹೇಳಿದ್ದಾರೆ. ಒಂದು ಸಲ ಬಳಸಿ ಬಿಸಾಡುವುದು ನಿರ್ಮಾತೃವಿನ ಕಲ್ಪನೆಯಲ್ಲಿಯೇ ಇರಲಿಲ್ಲವೆಂದಾಯಿತು. ಪುಕ್ಕಟೆ ಸಿಕ್ಕುವ ವಸ್ತುವಿಗೆ ಲೋಕದಲ್ಲಿ ಮರ್ಯಾದೆ ಇಲ್ಲವೆಂಬ ಮಾತು ಇಲ್ಲಿ ಸತ್ಯವಾಯಿತು.

ಮುಂಬಯಿಯ ನೀರು

ಮುಂಬಯಿಯ ಹಳಬರು ೨೦೦೫ನೆಯ ಇಸವಿಯ ಜುಲೈ ೨೬ನ್ನು ಮರೆಯುವಂತಿಲ್ಲ. ಆ ದಿನ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಬಿತ್ತು. ಕಚೇರಿಗೆ ಹೋದವರು ಕಚೇರಿಯಲ್ಲಿ, ರೈಲಿನಲ್ಲಿದ್ದವರು ರೈಲಿನಲ್ಲಿ ರಾತ್ರಿ ಕಳೆದರು. ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಮೈಲುಗಟ್ಟಲೆ ನಡೆದವರ ಕಥೆಗಳು ಇಲ್ಲಿನ ಪ್ರತಿಯೊಂದು ವಠಾರದಲ್ಲಿಯೂ ಇವೆ. ರಾಜ್ಯದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜನ ಆ ಮಳೆಗೆ ಬಲಿಯಾದರು.

ಅಂದಿನ ಅನಾಹುತಕ್ಕೆ ಪ್ಲಾಸ್ಟಿಕ್ ಚೀಲವೊಂದೇ ಕಾರಣವೆಂದರೆ ಅದು ನ್ಯಾಯವಾಗಲಾರದು. ನಗರದ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ ಸುಮಾರು ೨೫ ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಸಮುದ್ರ ಇಳಿದಿರುವಾಗ ಹರಿಯುವಂತೆ, ಕಟ್ಟಿದವು. ಮೀಠಿ ನದಿಯ ಪಾತ್ರವನ್ನು ಮನುಷ್ಯರು ಒತ್ತರಿಸಿದ್ದರು. ಸಮುದ್ರದ ಉಬ್ಬರವೂ ಅದೇ ಹೊತ್ತಿಗೆ ಬಂತು. ಆದರೆ ಮೊದಲೇ ಸಾಲದ ಚರಂಡಿಯ ಬಾಯಿಗೆ ಚೀಲಗಳು ಬಿರಡೆ ಹಾಕಿದಂತೆ ಕೂತರೆ ನೀರು ಎಲ್ಲಿಗೆ ಹೋಗಬೇಕು? ಒಣಗಿದ ಎಲೆ, ಕಾಗದಗಳು ನೆನೆದು ಕರಗುತ್ತವೆ. ಪ್ಲಾಸ್ಟಿಕ್ ನೆನೆಯುವುದಿಲ್ಲ, ಕರಗುವುದಿಲ್ಲ. ಜಾಲರಿಗೆ ಅಂಟಿಕೊಂಡು ಬಲೆಯಂತೆ ಉಳಿದ ಕಸವನ್ನೂ ಹಿಡಿದು ನಿಲ್ಲಿಸುತ್ತದೆ. ಅದೇ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಈ ಚೀಲಗಳ ಮೇಲೆ ನಿಷೇಧವನ್ನು ಘೋಷಿಸಿದ್ದು ಈ ಕಾರಣದಿಂದಲೇ.

ನಮಗಿಂತ ಮೊದಲು ಇದೇ ಪಾಠವನ್ನು ಕಲಿತ ನೆರೆಯ ದೇಶವೊಂದುಂಟು. ಬಾಂಗ್ಲಾದೇಶದಲ್ಲಿ ೧೯೮೮ ಮತ್ತು ೧೯೯೮ರ ಮಹಾ ನೆರೆಗಳಲ್ಲಿ ಚರಂಡಿಗಳನ್ನು ಕಟ್ಟಿಹಾಕಿದ್ದು ಪಾಲಿಥೀನ್ ಚೀಲಗಳೆಂದು ಕಂಡುಬಂದು, ೨೦೦೨ರಲ್ಲಿ ಆ ದೇಶ ತೆಳು ಚೀಲವನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವಂತೆ ಹಾಗೆ ಮಾಡಿದ ಮೊದಲನೆಯ ದೇಶ ಅದೇ. ಆದರೆ ಕೆಲವೇ ವರ್ಷಗಳಲ್ಲಿ ಚೀಲ ಹಿಂಬಾಗಿಲಿನಿಂದ ಮರಳಿ ಬಂತು. ಬರಿಯ ಆಜ್ಞೆಯಿಂದ ಅಭ್ಯಾಸ ಬದಲಾಗುವುದಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಹಸುವಿನ ಹೊಟ್ಟೆ, ಆಮೆಯ ಗಂಟಲು

ಉಳಿದ ಅನ್ನ, ತರಕಾರಿಯ ಸಿಪ್ಪೆಗಳನ್ನು ಚೀಲದಲ್ಲಿ ಹಾಕಿ, ಬಾಯಿಗೆ ಗಂಟು ಬಿಗಿದು ಬೀದಿಯ ಮೂಲೆಗೆ ಇಡುವುದು ಶುಚಿಯ ಲಕ್ಷಣವೆಂದು ಅನೇಕರ ಭಾವನೆ. ಆದರೆ ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ. ಅದು ಚೀಲಸಮೇತ ನುಂಗುತ್ತದೆ. ಹಸುವಿನ ಮೊದಲನೆಯ ಹೊಟ್ಟೆಯಲ್ಲಿ ಸೇರಿದ ಪ್ಲಾಸ್ಟಿಕ್ ಜೀರ್ಣವೂ ಆಗದು, ಮುಂದಕ್ಕೂ ಸರಿಯದು; ವರ್ಷಾನುಗಟ್ಟಲೆ ಕೂಡಿ ಕೂಡಿ ಗಟ್ಟಿಯಾದ ಮುದ್ದೆಯಾಗುತ್ತದೆ. ಹೊರಗೆ ನೋಡಿದರೆ ಹೊಟ್ಟೆ ತುಂಬಿ ಉಬ್ಬಿದ ಹಸು. ಒಳಗೆ ಹುಲ್ಲಿಗೆ ಜಾಗವಿಲ್ಲದೆ ಉಪವಾಸ. ಶಸ್ತ್ರಚಿಕಿತ್ಸೆ ಮಾಡಿ ಇಂತಹ ಹಸುಗಳ ಹೊಟ್ಟೆಯಿಂದ ಮೂವತ್ತು ನಾಲ್ವತ್ತು ಕಿಲೋಗ್ರಾಂ ಪ್ಲಾಸ್ಟಿಕ್ ತೆಗೆದದ್ದುಂಟು. ಈ ದಾರುಣವನ್ನು ಆಧರಿಸಿ ೨೦೧೨ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿಯೂ ಹೋಯಿತು. ಗೋಪೂಜೆಯ ದಿನ ಹಸುವಿನ ಹಣೆಗೆ ಕುಂಕುಮವಿಡುವ ನಾವು, ಉಳಿದ ದಿನಗಳಲ್ಲಿ ಅದರ ಬಾಯಿಗೆ ಏನು ಇಡುತ್ತಿದ್ದೇವೆಂಬುದನ್ನು ಯೋಚಿಸಬೇಡವೆ?

ಕಡಲಿನ ಕಥೆಯೂ ಇದೇ. ಪಾಲಿಥೀನ್ ನೀರಿಗಿಂತ ಹಗುರ. ನಾಲೆಯಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ತೇಲುತ್ತ ಹೋಗುತ್ತದೆ. ನೀರಿನಲ್ಲಿ ಅರಳಿ ತೇಲುವ ಬಿಳಿಯ ಚೀಲ ಕಡಲಾಮೆಯ ಕಣ್ಣಿಗೆ ತನ್ನ ಆಹಾರವಾದ ಲೋಳೆಮೀನಿನಂತೆ ಕಾಣುತ್ತದೆ. ನುಂಗಿದ ಆಮೆ ಬದುಕುವುದು ಕಷ್ಟ. ಬಿಸಿಲಿಗೆ ಸಿಕ್ಕಿದ ಚೀಲ ಕೊಳೆಯುವುದಿಲ್ಲ. ಚೂರು ಚೂರಾಗಿ, ಕಡೆಗೆ ಕಣ್ಣಿಗೆ ಕಾಣದ ಕಣಗಳಾಗುತ್ತದೆ. ಆ ಕಣಗಳನ್ನು ಮೀನು ತಿನ್ನುತ್ತದೆ, ಮೀನನ್ನು ನಾವು ತಿನ್ನುತ್ತೇವೆ. ಮನುಷ್ಯನ ರಕ್ತದಲ್ಲಿಯೇ ಪ್ಲಾಸ್ಟಿಕ್ಕಿನ ಕಣಗಳಿರುವುದನ್ನು ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು ೨೦೨೨ರಲ್ಲಿ ಪ್ರಕಟಿಸಿದರು.

ಆದರೆ ನಿರಾಶೆಗೆ ಕಾರಣವಿಲ್ಲ. ಮುಂಬಯಿಯ ವರ್ಸೋವಾ ಕಡಲತೀರ ಒಮ್ಮೆ ಕಸದ ಗುಡ್ಡೆಯಾಗಿತ್ತು. ೨೦೧೫ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾಹ ಎಂಬ ಯುವ ವಕೀಲರು ನೆರೆಮನೆಯ ವೃದ್ಧರೊಬ್ಬರನ್ನು ಜೊತೆಗೆ ಕರೆದುಕೊಂಡು ಕಸ ಹೆಕ್ಕಲು ಆರಂಭಿಸಿದರು. ವಾರ ವಾರವೂ ಜನ ಸೇರುತ್ತ ಹೋದರು. ೨೦೧೮ರ ಮಾರ್ಚಿಯಲ್ಲಿ ಆ ತೀರದ ಮರಳಿನಿಂದ ಆಮೆಯ ಮರಿಗಳು ಹೊರಬಂದು ಕಡಲಿನ ಕಡೆಗೆ ಹರಿದುಹೋದವು. ಸುಮಾರು ಎರಡು ದಶಕಗಳ ಕಾಲ ಅಲ್ಲಿ ಕಾಣದಿದ್ದ ದೃಶ್ಯ ಅದು.

ಹೆಕ್ಕುವವರು ಏಕೆ ಬಿಟ್ಟುಹೋಗುತ್ತಾರೆ?

‘ರದ್ದಿಯವನಿಗೆ ಕೊಟ್ಟರಾಯಿತು, ಮತ್ತೆ ಕರಗಿಸಿ ಬೇರೇನಾದರೂ ಮಾಡುತ್ತಾರೆ’ ಎಂಬ ಸಮಾಧಾನದ ಮಾತೊಂದಿದೆ. ದಪ್ಪ ಡಬ್ಬಿ, ಬಾಟಲಿಗಳ ಮಟ್ಟಿಗೆ ಅದು ನಿಜ. ತೆಳು ಚೀಲದ ಮಟ್ಟಿಗೆ ಅಲ್ಲ. ಐದು ಗ್ರಾಂ ತೂಗುವ ಚೀಲಗಳನ್ನು ಹೆಕ್ಕಿ ಒಂದು ಕಿಲೋಗ್ರಾಂ ಮಾಡಬೇಕಾದರೆ ಇನ್ನೂರು ಸಲ ಬಗ್ಗಿ ಏಳಬೇಕು. ಅವುಗಳಲ್ಲಿ ಸಾರು, ಮಣ್ಣು ಮೆತ್ತಿದ್ದರೆ ತೊಳೆಯಬೇಕು. ಅಷ್ಟು ಮಾಡಿದರೆ ಸಿಕ್ಕುವ ಕಾಸು ಬೆನ್ನುನೋವಿನ ಔಷಧಕ್ಕೂ ಸಾಲದು. ಹೊಟ್ಟೆಪಾಡಿಗಾಗಿ ಕಸ ಹೆಕ್ಕುವ ಬಡವರು ಬಾಟಲಿ ಎತ್ತಿಕೊಂಡು ಚೀಲ ಬಿಟ್ಟು ಹೋಗುವುದು ಇದರಿಂದಲೇ. ಇನ್ನು ಚಳಿಗಾಲದಲ್ಲಿ ದಿಲ್ಲಿಯಂತಹ ಊರುಗಳಲ್ಲಿ ಕಸಕ್ಕೆ ಬೆಂಕಿಯಿಟ್ಟು ಮೈ ಕಾಯಿಸಿಕೊಳ್ಳುವುದುಂಟು. ಆ ಹೊಗೆ ಮೊದಲು ಹೋಗುವುದು ಕಾಯಿಸಿಕೊಳ್ಳುವವನ ಎದೆಗೇ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸಂಸಾರಕ್ಕೆ ದಿನಕ್ಕೆ ಎರಡೇ ಚೀಲ ಬರುತ್ತವೆಂದು ಇಟ್ಟುಕೊಂಡರೂ ವರ್ಷಕ್ಕೆ ೭೩೦ ಆಯಿತು. ನೂರು ಮನೆಗಳ ಒಂದು ಸೊಸಾಯಿಟಿಗೆ ೭೩,೦೦೦. ಇನ್ನು ನಗರದ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಲಿ.

ಕಾನೂನು ಏನು ಹೇಳುತ್ತದೆ?

ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ ನಿಯಮಗಳನ್ನು ಓದುವ ಚಪಲ ಸ್ವಲ್ಪ ಹೆಚ್ಚು. ಕೇಂದ್ರ ಸರಕಾರದ ೨೦೧೬ರ ನಿಯಮಗಳಂತೆ ಕೈಚೀಲದ ದಪ್ಪ ೫೦ ಮೈಕ್ರಾನಿಗಿಂತ ಕಡಿಮೆಯಿರಕೂಡದೆಂದು ವಿಧಿಸಲಾಯಿತು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ೨೦೨೧ರ ತಿದ್ದುಪಡಿಯಿಂದ ಆ ಮಿತಿ ಅದೇ ವರ್ಷದ ಸೆಪ್ಟೆಂಬರ್ ೩೦ರಿಂದ ೭೫ ಮೈಕ್ರಾನಿಗೂ, ೨೦೨೨ರ ಡಿಸೆಂಬರ್ ೩೧ರಿಂದ ೧೨೦ ಮೈಕ್ರಾನಿಗೂ ಏರಿತು. ದಪ್ಪ ಹೆಚ್ಚಿಸಿದರೆ ಪ್ಲಾಸ್ಟಿಕ್ ಹೆಚ್ಚಾಗುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ದಪ್ಪ ಚೀಲಕ್ಕೆ ಬೆಲೆ ಹೆಚ್ಚು. ಅಂಗಡಿಯವನು ಅದನ್ನು ಪುಕ್ಕಟೆ ಹಂಚಲಾರ. ಕೊಂಡವನು ಅದನ್ನು ಹತ್ತಾರು ಸಲ ಬಳಸಬಹುದು. ಕಡೆಗೆ ಹೆಕ್ಕುವವನಿಗೂ ಅದರಿಂದ ನಾಲ್ಕು ಕಾಸು. ಇದೇ ಅದರ ಒಳಗುಟ್ಟು.

ರಾಜ್ಯಗಳು ಇನ್ನೂ ಮುಂದೆ ಹೋಗಿವೆ. ಸಿಕ್ಕಿಂ ೧೯೯೮ರಲ್ಲಿಯೇ ದಾರಿ ತೋರಿಸಿತು. ನಮ್ಮ ಕರ್ನಾಟಕ ೨೦೧೬ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು. ಮಹಾರಾಷ್ಟ್ರ ೨೦೧೮ರ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿ ಜೂನ್ ೨೩ರಿಂದ ದಂಡ ವಸೂಲಿಗೆ ಆರಂಭಿಸಿತು: ಮೊದಲ ಸಲ ೫,೦೦೦ ರೂಪಾಯಿ, ಎರಡನೆಯ ಸಲ ೧೦,೦೦೦, ಮೂರನೆಯ ಸಲ ೨೫,೦೦೦ ರೂಪಾಯಿಯೊಂದಿಗೆ ಮೂರು ತಿಂಗಳ ಸೆರೆ.

ಈ ದಂಡದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಮಾತ್ರ ಮರೆಯಬಾರದು. ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಮೀನಿನವಳಿಗೆ, ಗಾಡಿಯ ಮೇಲೆ ಮೆಂತ್ಯದ ಸೊಪ್ಪು ಮಾರುವ ಮುದುಕನಿಗೆ ಐದು ಸಾವಿರವೆಂದರೆ ಎಷ್ಟು ದಿನಗಳ ಸಂಪಾದನೆ! ‘ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ, ಕೊಟ್ಟರೆ ಮುನಿಸಿಪಾಲಿಟಿಯವರು ಬರುತ್ತಾರೆ’ ಎಂಬುದು ಅವರ ಸಂಕಟ. ಈ ಸಂಕಟವನ್ನು ಬಿಡಿಸುವ ಕೀಲಿಕೈ ಇರುವುದು ಗಿರಾಕಿಯ ಬಳಿ, ಎಂದರೆ ನಮ್ಮ ಬಳಿ. ‘ಪಿಶವೀ ಆಹೇ ಕಾ?’ ಎಂದು ಅವನು ಕೇಳುವ ಮೊದಲೇ ನಾವು ಚೀಲದ ಬಾಯಿ ತೆರೆದು ಹಿಡಿದರೆ ಸಾಕು; ಅವನಿಗೆ ಚೀಲದ ಖರ್ಚೂ ಉಳಿಯಿತು, ದಂಡದ ಹೆದರಿಕೆಯೂ ತಪ್ಪಿತು.

ಬಟ್ಟೆಯ ಚೀಲದ ನಿಜವಾದ ಲೆಕ್ಕ

ಹಾಗಾದರೆ ಬಟ್ಟೆಯ ಚೀಲ ಕೊಂಡುಬಿಟ್ಟರೆ ಪುಣ್ಯ ಬಂದಂತೆಯೆ? ಅಷ್ಟು ಸುಲಭವಲ್ಲ. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು. ನೂಲಲು, ನೇಯಲು ಶಕ್ತಿ ಬೇಕು. ಬ್ರಿಟನ್ನಿನ ಪರಿಸರ ಇಲಾಖೆ ೨೦೧೧ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. ಭೂಮಿಯ ತಾಪ ಏರುವ ವಿಷಯವೊಂದನ್ನೇ ನೋಡಿದರೆ, ಒಂದು ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಸಮವಾಗಬೇಕಾದರೆ ಹೊಸ ಹತ್ತಿಯ ಚೀಲವನ್ನು ೧೩೧ ಸಲವಾದರೂ ಬಳಸಬೇಕು. ಕಾಗದದ ಚೀಲವನ್ನು ಮೂರು ಸಲ.

ಈ ಅಂಕಿಯನ್ನು ಹಿಡಿದು ‘ನೋಡಿ, ಪ್ಲಾಸ್ಟಿಕ್ಕೇ ಮೇಲು’ ಎನ್ನುವವರಿದ್ದಾರೆ. ಅವರ ವಾದದಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಆ ೧೩೧ರ ಲೆಕ್ಕದಲ್ಲಿ ಕಟ್ಟಿದ ಚರಂಡಿಯಿಲ್ಲ, ಹಸುವಿನ ಹೊಟ್ಟೆಯಿಲ್ಲ, ಕಡಲಾಮೆಯಿಲ್ಲ. ಎರಡನೆಯದು, ೧೩೧ ಸಲ ನಮಗೆ ದೊಡ್ಡ ಮಾತೇನಲ್ಲ. ವಾರಕ್ಕೆ ಎರಡು ಸಲ ಪೇಟೆಗೆ ಹೋಗುವ ಸಂಸಾರದಲ್ಲಿ ಅದು ಒಂದೂಕಾಲು ವರ್ಷದ ಕೆಲಸ. ನಮ್ಮ ಮದುವೆ ಚೀಲಗಳು ಇದನ್ನು ಎಂದೋ ದಾಟಿವೆ!

ಆದರೂ ಆ ಅಂಕಿಯಿಂದ ಕಲಿಯತಕ್ಕ ಪಾಠ ದೊಡ್ಡದು. ಸಭೆ ಸಮಾರಂಭಗಳಲ್ಲಿ ಹಂಚಿದ ಇಪ್ಪತ್ತು ಹೊಸ ಚೀಲಗಳನ್ನು ಕಪಾಟಿನಲ್ಲಿ ಪೇರಿಸಿಟ್ಟು ಮತ್ತೆ ಬರಿಗೈಯಲ್ಲಿ ಪೇಟೆಗೆ ಹೋಗುವವರು ಪ್ಲಾಸ್ಟಿಕ್ ಬಳಸುವವರಿಗಿಂತ ಹೆಚ್ಚು ನಷ್ಟವನ್ನೇ ಮಾಡುತ್ತಾರೆ. ಚೀಲಗಳು ನಾಲ್ಕೇ ಸಾಕು, ಅವು ದುಡಿಯಬೇಕು. ಎಲ್ಲಕ್ಕಿಂತ ಉತ್ತಮವೆಂದರೆ ಹಳೆಯ ಬಟ್ಟೆಯಿಂದ ಹೊಲಿದ ಚೀಲ. ಹರಿದ ಸೀರೆಗೆ, ಮೊಣಕಾಲು ಸವೆದ ಪ್ಯಾಂಟಿಗೆ ಹತ್ತಿಯ ಹೊಲ ಹೊಸದಾಗಿ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ ಬಣ್ಣದ ಚೀಲ ಕೊಡುತ್ತಾರೆ. ಅದು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾಯಿಸಿ ಒತ್ತಿದ ಹಾಳೆ. ಗುರುತಿಸುವುದು ಸುಲಭ. ಅದರಲ್ಲಿ ಹಾಸುಹೊಕ್ಕುಗಳಿಲ್ಲ, ಅಂಚಿನಿಂದ ನೂಲು ಎಳೆದರೆ ಬರುವುದಿಲ್ಲ, ಮೈತುಂಬ ಒತ್ತಿದ ಚುಕ್ಕೆಗಳಿರುತ್ತವೆ. ಬಿಸಿಲಿನಲ್ಲಿ ಕೆಲವು ತಿಂಗಳಿಟ್ಟರೆ ಪುಡಿಪುಡಿಯಾಗುತ್ತದೆ. ಕೇಂದ್ರದ ನಿಯಮದಂತೆ ಇವೂ ಚದರ ಮೀಟರಿಗೆ ೬೦ ಗ್ರಾಮಿಗಿಂತ ತೆಳ್ಳಗಿರುವಂತಿಲ್ಲ. ಮನೆಯಲ್ಲಿದ್ದರೆ ಬಿಸಾಡದೆ ಹರಿಯುವ ತನಕ ಬಳಸಿರಿ. ಹೊಸದನ್ನು ಮಾತ್ರ ತರಬೇಡಿರಿ.

ಚೆನ್ನೈಯ ಹಳದಿ ಚೀಲ

ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ‘ಮಂಜಪ್ಪೈ’ ಗೊತ್ತೇ ಇದೆ. ನಮ್ಮ ತಾಂಬೂಲದ ಚೀಲದ ದಾಯಾದಿಯೇ ಆದ ಹಳದಿ ಬಟ್ಟೆಯ ಚೀಲವದು. ನಡುವೆ ಒಂದು ಕಾಲದಲ್ಲಿ ಅದನ್ನು ಹಿಡಿದು ನಡೆಯುವವರನ್ನು ಹಳ್ಳಿಗರೆಂದು ಪೇಟೆಯವರು ಹಾಸ್ಯಮಾಡುತ್ತಿದ್ದರು. ತಮಿಳುನಾಡು ಸರಕಾರ ೨೦೧೯ರ ಜನವರಿ ೧ರಿಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ನಿಷೇಧಿಸಿತು. ೨೦೨೧ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’, ಎಂದರೆ ‘ಮತ್ತೆ ಹಳದಿ ಚೀಲ’, ಎಂಬ ಆಂದೋಲನವನ್ನು ಹೂಡಿತು. ಮರುವರ್ಷ ಕೋಯಂಬೇಡಿನ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿ ಹಾಕಿದರೆ ಹಳದಿ ಚೀಲ ಕೊಡುವ ಯಂತ್ರವನ್ನೇ ನಿಲ್ಲಿಸಿದರು. ನಗೆಪಾಟಲಾಗಿದ್ದ ಚೀಲಕ್ಕೆ ಮಾನ ಮರಳಿ ಬಂತು. ಜನರ ನೆನಪಿನಲ್ಲಿದ್ದ ವಸ್ತುವನ್ನೇ ಎತ್ತಿ ಹಿಡಿದದ್ದರಿಂದ ಆ ಮಾತು ಮನೆ ಮನೆಗೆ ತಲಪಿತು.

ಮನೆಯಲ್ಲಿ, ಸಂಘದಲ್ಲಿ

ಕಡೆಯದಾಗಿ ಕೆಲವು ಉಪಾಯಗಳು. ನಮ್ಮ ವಠಾರದ ಮನೆಗಳಲ್ಲಿ ಪ್ರಯೋಗಿಸಿ ನೋಡಿದವೇ ಇವು.

ಚೀಲವನ್ನು ಕಪಾಟಿನಲ್ಲಿ ಇಡಬೇಡಿರಿ. ಬಾಗಿಲ ಪಕ್ಕದ ಮೊಳೆಗೆ, ಚಪ್ಪಲಿಯ ಮೇಲ್ಗಡೆ ತೂಗುಹಾಕಿರಿ; ಚಪ್ಪಲಿ ಮೆಟ್ಟುವಾಗ ಕಣ್ಣಿಗೆ ಬೀಳುತ್ತದೆ. ಕಚೇರಿಯಿಂದ ಮರಳುವಾಗ ಸ್ಟೇಷನ್ನಿನ ಹೊರಗೆ ಸೊಪ್ಪು ಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ಅವರು ಊಟದ ಡಬ್ಬಿಯ ಜೊತೆಗೆ ಮಡಿಸಿದ ತೆಳು ಚೀಲವೊಂದನ್ನು ಖಾಯಂ ಆಗಿ ಇಟ್ಟುಕೊಳ್ಳಲಿ. ಟೊಮೇಟೊಗೊಂದು, ಮೆಣಸಿನಕಾಯಿಗೊಂದು ಎಂದು ಹಳೆಯ ಪಂಚೆಯ ಸಣ್ಣ ಸಂಚಿಗಳನ್ನು ಹೊಲಿದಿಟ್ಟುಕೊಂಡರೆ ದೊಡ್ಡ ಚೀಲದಲ್ಲಿ ಎಲ್ಲ ಕಲಸಿಹೋಗುವುದಿಲ್ಲ. ಮೀನು, ಮಾಂಸ, ದೋಸೆಯ ಹಿಟ್ಟುಗಳಿಗೆ ಮುಚ್ಚಳದ ಡಬ್ಬಿ ಒಯ್ಯಿರಿ. ಚೀಲವನ್ನು ವಾರಕ್ಕೊಮ್ಮೆ ಬಟ್ಟೆಗಳೊಂದಿಗೆ ಒಗೆದು ಒಣಗಿಸಿರಿ. ಒದ್ದೆ ಚೀಲ ವಾಸನೆ ಬರುತ್ತದೆಂಬ ದೂರು ತಪ್ಪುತ್ತದೆ. ಹಸಿ ಕಸವನ್ನು ಬುಟ್ಟಿಗೆ ಹಾಗೆಯೇ ಸುರಿಯಿರಿ. ಗಂಟು ಕಟ್ಟಿದ ಚೀಲವನ್ನು ಬೀದಿಗಂತೂ ಇಡಲೇಬೇಡಿರಿ.

ನಮ್ಮ ಸಂಘಗಳಿಗೂ ಕೆಲಸವಿದೆ. ಅರಿಸಿನ ಕುಂಕುಮಕ್ಕೆ ಬಂದವರಿಗೆ ರವಿಕೆಯ ಕಣವನ್ನು ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಡುವುದನ್ನು ಮಹಿಳಾ ವಿಭಾಗದವರು ನಿಲ್ಲಿಸಬಹುದು. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕೂಡಿಸಿ ಹಳೆಯ ಸೀರೆಗಳಿಂದ ಚೀಲ ಹೊಲಿಯುವುದನ್ನು ಕಲಿಸಬಹುದು. ಹೊಲಿಗೆಯೂ ಬಂತು, ಜೊತೆಗೆ ಕುಳಿತ ಅಜ್ಜಿಯಂದಿರಿಂದ ನಾಲ್ಕು ಕನ್ನಡದ ಮಾತೂ ಬಂತು. ಮನೆಯಲ್ಲಿ ಮದುವೆ ಇರುವವರು ತಾಂಬೂಲಕ್ಕೆ ಗಟ್ಟಿ ಬಟ್ಟೆಯ ಚೀಲವನ್ನೇ ಆರಿಸಲಿ, ಆದರೆ ಬರುವವರ ಸಂಖ್ಯೆಯಷ್ಟೇ ಮಾಡಿಸಲಿ. ನವೆಂಬರ್ ಒಂದರ ಉತ್ಸವದಲ್ಲಿ ತಿಂಡಿಯ ಪೊಟ್ಟಣಕ್ಕೆ ಬಾಳೆಲೆ ಬಳಸಿದರೆ ಯಾರ ಗೌರವಕ್ಕೂ ಕುಂದು ಬಾರದು.

ಹೊಟ್ಟೆಪಾಡಿಗಾಗಿ ನಾವು ನೆಲೆಸಿದ ಈ ಊರುಗಳು ನಮಗೆ ಅನ್ನ ಕೊಟ್ಟಿವೆ, ನಮ್ಮ ಮಕ್ಕಳಿಗೆ ವಿದ್ಯೆ ಕೊಟ್ಟಿವೆ. ಇಲ್ಲಿ ಮಳೆ ಬಂದಾಗ ಮೊದಲು ನೀರು ನುಗ್ಗುವುದು ಚರಂಡಿಯ ಪಕ್ಕದ ಜೋಪಡಿಗೆ, ನೆಲಮಾಳಿಗೆಯ ಬಡವನ ಹಾಸಿಗೆಗೆ. ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದ್ದರೂ ನಾವು ಬಿಸಾಡಿದ ಚೀಲ ಕೆಳಗೆ ಹರಿದುಹೋಗಿ ಅವನ ಬಾಗಿಲಲ್ಲಿ ನಿಲ್ಲುತ್ತದೆ. ಅದನ್ನು ತಡೆಯಲು ನಮ್ಮಿಂದ ಆಗುವ ಕೆಲಸ ಬಹಳ ಸಣ್ಣದು. ಸಣ್ಣದಾದ್ದರಿಂದಲೇ ನಾಳೆಗೆ ಮುಂದೂಡಲು ನೆಪವೂ ಇಲ್ಲ. ಇಂದು ಸಂಜೆ ಪೇಟೆಗೆ ಹೊರಡುವಾಗ ಕೈಯಲ್ಲೊಂದು ಚೀಲವಿರಲಿ.